ಬೀಗದ ಕೈ ಯಾರ ಹತ್ರ ಇದೆ?

ಶುಕ್ರವಾರ ಸಂಜೆಯಾದರೆ ಸಾಕು, ಬೆಂಗಳೂರಿನ ಆಫೀಸುಗಳಲ್ಲಿ ಒಂದು ಪ್ರಶ್ನೆ ಸುತ್ತಾಡತೊಡಗುತ್ತದೆ. "ಜನ ಇಲ್ಲದ ಜಾಗ ಯಾವ್ದಾದ್ರೂ ಗೊತ್ತಾ?" ಕೇಳುವವರು ಮೆಲ್ಲಗೆ ಕೇಳುತ್ತಾರೆ. ಹೇಳುವವರು ಇನ್ನೂ ಗುಟ್ಟಾಗಿ, ಸಾವಿರಾರು ಜನ ಆಗಲೇ ಲೈಕ್ ಒತ್ತಿರುವ ಒಂದು ರೀಲ್ಸ್ ಕಳಿಸುತ್ತಾರೆ. ಶನಿವಾರ ಬೆಳಿಗ್ಗೆ ನೆಲಮಂಗಲದ ಟೋಲ್ ಹತ್ತಿರ ನೋಡಿ. ಗುಟ್ಟು ಗೊತ್ತಾದವರೆಲ್ಲ ಒಂದೇ ಸಾಲಿನಲ್ಲಿ ಹಾರ್ನ್ ಹೊಡೆಯುತ್ತಾ ನಿಂತಿರುತ್ತಾರೆ.

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಹೀಗೇ ಜನ ನುಗ್ಗಿದ್ದರು. ಕಾಡುದಾರಿಯಲ್ಲಿ ಕ್ಯೂ ನಿಂತ ವಿಡಿಯೋ ಎಲ್ಲರ ಫೋನಿಗೂ ಬಂತು. ಆಮೇಲೆ ಸರ್ಕಾರ ಚಾರಣವನ್ನೇ ಸ್ವಲ್ಪ ಕಾಲ ನಿಲ್ಲಿಸಿತು. ಮತ್ತೆ ಬಿಟ್ಟಾಗ ಆನ್‌ಲೈನ್ ಬುಕಿಂಗ್ ಬಂದಿತ್ತು. ಏಕಾಂತಕ್ಕೂ ಈಗ ಮುಂಗಡ ಟಿಕೆಟ್.

ಇನ್ನು 'ಅಸಲಿ ಹಳ್ಳಿ ಅನುಭವ' ಅಂತ ಹೇಳಿ ಎತ್ತಿನ ಗಾಡಿ ಹತ್ತಿಸಿ, ಒಂದು ರೌಂಡ್ ಹೊಡೆಸಿ, ಬಫೆಯಲ್ಲಿ ಅಕ್ಕಿ ರೊಟ್ಟಿ ಬಡಿಸುವವರ ವಿಚಾರ ನಾನು ಮಾತಾಡುವುದಿಲ್ಲ. ಆ ರೊಟ್ಟಿ ಚೆನ್ನಾಗಿಯೇ ಇರುತ್ತದೆ.

ನನಗೆ ಹಾಸನದ ಸುತ್ತಮುತ್ತ ಸುತ್ತುವ ಚಟ. ಬೇಲೂರು, ಹಳೇಬೀಡು, ಸೋಮನಾಥಪುರ ಈ ಮೂರು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಸೇರಬೇಕಾದವೇ. ಆದರೆ ಹೊಯ್ಸಳರ ಕಾಲದಲ್ಲಿ ಕಟ್ಟಿಸುವವರು ಮೂರಕ್ಕೇ ನಿಲ್ಲಿಸಿದರೇ? ಸೋಮನಾಥಪುರದಲ್ಲಿ ಹೆಸರು ಕೆತ್ತಿಟ್ಟ ಮಲ್ಲಿತಮ್ಮನೇ ಚನ್ನರಾಯಪಟ್ಟಣದ ಕಡೆಯ ನುಗ್ಗೇಹಳ್ಳಿಯಲ್ಲೂ ಉಳಿ ಹಿಡಿದಿದ್ದಾನೆ. ಅಲ್ಲಿ ಬೈಚೋಜ ಅನ್ನುವ ಇನ್ನೊಬ್ಬ ಶಿಲ್ಪಿ ಅವನ ಜೊತೆಗಾರ. ಆ ಲಕ್ಷ್ಮೀನರಸಿಂಹ ದೇವಸ್ಥಾನ 1246ರದ್ದು, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ಅದೇ ಕೈ, ಅದೇ ಬಳಪದ ಕಲ್ಲು. ಆದರೆ ಸೋಮನಾಥಪುರದಲ್ಲಿ ಫೋಟೋಗೆ ಸರದಿ ಕಾಯಬೇಕು, ನುಗ್ಗೇಹಳ್ಳಿಯಲ್ಲಿ ಗೋಡೆಯ ಸುತ್ತ ಎಷ್ಟು ಹೊತ್ತು ತಿರುಗಿದರೂ "ಸ್ವಲ್ಪ ಪಕ್ಕಕ್ಕೆ ಬರ್ತೀರಾ" ಅನ್ನುವವರಿಲ್ಲ.

ದೂರ ಹೋಗುವುದೇ ಬೇಡ. ಹಳೇಬೀಡಿನಲ್ಲೇ ಹೊಯ್ಸಳೇಶ್ವರನಿಂದ ನಡೆದುಕೊಂಡು ಹೋಗುವಷ್ಟು ದೂರದಲ್ಲಿ ಬಸದಿಗಳಿವೆ, ಕೇದಾರೇಶ್ವರ ಇದೆ. ಪಾರ್ಶ್ವನಾಥ ಬಸದಿಯ ಕಂಬಗಳು ಎಷ್ಟು ನುಣುಪು ಅಂದರೆ ಎದುರು ನಿಂತರೆ ನಮ್ಮ ಮುಖವೇ ಕಾಣುತ್ತದೆ, ಒಂಚೂರು ಸೊಟ್ಟಗೆ. ಬಸ್ಸಿನಲ್ಲಿ ಬಂದವರಲ್ಲಿ ಹೆಚ್ಚಿನವರು ಎಳನೀರು ಕುಡಿದು ವಾಪಸ್ ಹತ್ತಿಬಿಡುತ್ತಾರೆ. ಕೆತ್ತನೆ ಇಲ್ಲದ ಗೋಡೆಯನ್ನು ಏನಂತ ನೋಡುವುದು, ಅಲ್ವಾ?

ದೊಡ್ಡಗದ್ದವಳ್ಳಿಯದು ಇನ್ನೊಂದು ಥರ. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಿಂದ ಒಳಕ್ಕೆ ತಿರುಗಿದರೆ ಕೆರೆ ಪಕ್ಕದಲ್ಲೇ ದೇವಸ್ಥಾನ. ಕಟ್ಟಿಸಿದ್ದು ರಾಜನಲ್ಲ, ದಂಡನಾಯಕನೂ ಅಲ್ಲ. ಕುಲ್ಲಹಣ ರಾಹುತ ಅನ್ನುವ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾಗುವುದಕ್ಕೆ ಮೊದಲೇ ಇವರ ದೇವಸ್ಥಾನ ಎದ್ದು ನಿಂತಿತ್ತು. ಒಂದೇ ಸೂರಿನಡಿ ನಾಲ್ಕು ಗರ್ಭಗುಡಿ. ಹೊಯ್ಸಳರಲ್ಲಿ ಇಂಥದ್ದು ಬೇರೆ ಇಲ್ಲ. ಲಕ್ಷ್ಮಿಯ ಗುಡಿ ಒಂದು ಕಡೆ, ಕಾಳಿಯದು ಇನ್ನೊಂದು ಕಡೆ. ಕಾಳಿಯ ಬಾಗಿಲಿಗೆ ಆಳೆತ್ತರದ ಎರಡು ಬೇತಾಳಗಳು ಕಾವಲು, ಬರೀ ಮೂಳೆ, ಹಲ್ಲು ಕಿರಿದುಕೊಂಡು. ವ್ಯಾಪಾರಿಯ ಮನೆಯವರು ದುಡ್ಡಿನ ದೇವತೆಯನ್ನೂ ಭಯದ ದೇವತೆಯನ್ನೂ ಒಂದೇ ಅಂಗಳಕ್ಕೆ ಕರೆದಿದ್ದು ನನಗೆ ಬಹಳ ಸರಿ ಅನ್ನಿಸುತ್ತದೆ. ವ್ಯಾಪಾರ ಮಾಡಿದವರಿಗೆ ಇಬ್ಬರ ಪರಿಚಯವೂ ಇರುತ್ತದೆ.

ಇಂಥ ಕಡೆಗಳಿಗೂ ಬೇಲೂರಿಗೂ ಇರುವ ನಿಜವಾದ ವ್ಯತ್ಯಾಸ ಶಿಲ್ಪದಲ್ಲಿಲ್ಲ, ಬೀಗದಲ್ಲಿದೆ. ಬೇಲೂರಿನಲ್ಲಿ ಯಾರ ಹಂಗೂ ಬೇಡ. ಚಪ್ಪಲಿ ಬಿಡುವ ಜಾಗ ಇದೆ, ಬೋರ್ಡ್ ಇದೆ, ಗೈಡ್ ಇದ್ದಾರೆ. ಒಬ್ಬರ ಜೊತೆಯೂ ಮಾತಾಡದೆ ಎಲ್ಲ ನೋಡಿ ಬರಬಹುದು. ಜನ ಬರದ ದೇವಸ್ಥಾನಕ್ಕೆ ಹೋದರೆ ಬಾಗಿಲಿಗೆ ಬೀಗ. ಅಲ್ಲಿಂದ ಶುರು. ಬೀಗದ ಕೈ ಯಾರ ಹತ್ರ ಇದೆ? ಎದುರುಗಡೆ ಅಂಗಡಿಯವರನ್ನು ಕೇಳಬೇಕು. ಅವರು "ಐನೋರ ಮನೇಲಿ ಐತೆ" ಅನ್ನುತ್ತಾರೆ. ಐನೋರ ಮನೆ ಯಾವುದು? ಹಾಲಿನ ಡೈರಿ ಪಕ್ಕ. ಡೈರಿ ಪಕ್ಕದ ಮನೆಗೂ ಬೀಗ. ಐನೋರು ಪ್ಯಾಟೆಗೆ ಹೋಗವ್ರೆ.

ಇಂಥದ್ದೇ ಒಂದು ಊರಲ್ಲಿ, ಅವರೆಕಾಯಿ ಕಾಲ ಅದು, ಜಗುಲಿ ಮೇಲೆ ಒಬ್ಬ ಅಜ್ಜಿ ಮೊರ ತುಂಬ ಕಾಯಿ ಹಾಕಿಕೊಂಡು ಸುಲಿಯುತ್ತಿದ್ದರು.

"ಬಿಸ್ಲಲ್ಲಿ ಯಾಕ್ ನಿಂತೀರಾ, ಬಂದು ಕುತ್ಕಳಿ. ಯಾವೂರಾಯ್ತು?"

ಕುಳಿತೆ. ಸುಮ್ನೆ ಕೂರುವುದು ಹೇಗೆ, ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡೆ. ಒಳ್ಳೆ ಸೊಗಡು ಇದ್ದ ಕಾಯಿ. ಸ್ವಲ್ಪ ಹೊತ್ತಿಗೆ ಬೆರಳೆಲ್ಲ ಜಿಗುಟು. ಅಷ್ಟರಲ್ಲಿ ಅಜ್ಜಿ ನನ್ನ ಊರು, ಕೆಲಸ, ಮನೆಯಲ್ಲಿ ಯಾರ್‍ಯಾರು, ಬಾಡಿಗೆ ಎಷ್ಟು, ಎಲ್ಲ ತಿಳಿದುಕೊಂಡಿದ್ದರು. ಊರು ನೋಡಲು ಬಂದವನು ನಾನು, ನೋಡಿಸಿಕೊಂಡವನೂ ನಾನೇ. ಎದುರು ಮನೆಯವರು ಬಾಗಿಲಿಗೆ ಬಂದರು. ಸೈಕಲ್ ಹುಡುಗರು ಎರಡು ಸಲ ಹಾದುಹೋದರು.

"ಈ ಹಳೇ ಗುಡೀಲಿ ಏನ್ ಐತೆ ಅಂತ ಬಂದ್ರಿ?" ಅಜ್ಜಿ ಕೇಳಿದರು. "ಕತ್ಲೆ, ಬಾವಲಿ. ಆ ಕಡೆ ಹೊಸ್ದಾಗಿ ಆಂಜನೇಯನ್ ದೇವಸ್ಥಾನ ಕಟ್ಟವ್ರೆ, ಟೈಲ್ಸ್ ಹಾಕ್ಸಿ, ಪೇಂಟ್ ಹೊಡ್ಸಿ. ಅದನ್ ನೋಡಿ."

ನಾನು ನಕ್ಕು, ಜನ ಜಾಸ್ತಿ ಇಲ್ಲದ ಕಡೆ ಹೋಗುವುದು ನನಗಿಷ್ಟ ಅಂದೆ. ಅಜ್ಜಿ ಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಮನೆಯಲ್ಲಿ ಏನೋ ತೊಂದರೆ ಇರಬೇಕು ಅಂದುಕೊಂಡಂತಿತ್ತು.

"ಜನ ಇಲ್ದಿದ್ ಕಡೆ ಹೋಗಿ ಏನ್ ಮಾಡ್ತೀರಾ?"

ಉತ್ತರ ಹೊಳೆಯಲಿಲ್ಲ. ಅಜ್ಜಿ ಪ್ರವಾಸ ಮಾಡದವರೇನಲ್ಲ. ಧರ್ಮಸ್ಥಳ, ಸುಬ್ರಹ್ಮಣ್ಯ, ಶೃಂಗೇರಿ, ಮಾದಪ್ಪನ ಬೆಟ್ಟ ಎಲ್ಲ ನೋಡಿದ್ದರು. ಪ್ರತಿ ಊರಿನ ಬಗ್ಗೆ ಅವರು ಮೊದಲು ಹೇಳಿದ್ದು ಎಷ್ಟು ಜನ ಇದ್ದರು ಅನ್ನುವುದನ್ನೇ. "ಕಾಲಿಡಕ್ ಜಾಗ ಇರ್ಲಿಲ್ಲ ಕನಪ್ಪ" ಅನ್ನುವಾಗ ಮುಖದಲ್ಲಿ ಖುಷಿ. ಧರ್ಮಸ್ಥಳದಲ್ಲಿ ಊಟಕ್ಕೆ ಕುಳಿತ ಪಂಕ್ತಿ, ಪಕ್ಕದಲ್ಲಿ ಕುಳಿತಿದ್ದ ಯಾವುದೋ ದೂರದೂರಿನ ಹೆಂಗಸು, ಆಕೆಯ ಮಗಳ ಮದುವೆ ಸಮಾಚಾರ ಎಲ್ಲ ನೆನಪಿದೆ. ದೇವರ ಅಲಂಕಾರ ಹೇಗಿತ್ತು ಅಂದರೆ, "ಎಲ್ಲಿ ಕಾಣ್ತದೆ ಆ ನೂಕ್‌ನುಗ್ಗಲಲ್ಲಿ" ಅಂದರು.

ನಮ್ಮ ಕಡೆ ಊರು ಬಿಟ್ಟು ಹೊರಡುತ್ತಿದ್ದುದೇ ಹೀಗೆ ಅಲ್ಲವೇ? ಜಾತ್ರೆಗೆ, ತೇರಿಗೆ, ದನದ ಪರಿಷೆಗೆ. ಜನ ಸೇರುತ್ತಾರೆ ಅಂತಲೇ ಜನ ಹೋಗುತ್ತಿದ್ದರು. ಜನ ಮರುಳೋ ಜಾತ್ರೆ ಮರುಳೋ ಅಂತ ಬೈದವರೂ ಬೈಯುತ್ತಲೇ ಬತ್ತಾಸು ಕೊಂಡು ಬಂದಿರುತ್ತಾರೆ. ವರ್ಷವೆಲ್ಲ ಅದೇ ಹೊಲ, ಅದೇ ಹತ್ತು ಮನೆ ನೋಡಿದ ಕಣ್ಣಿಗೆ ಜನವೇ ನೋಟ. ದಿನಾ ಮೆಟ್ರೋದಲ್ಲಿ ಅಪರಿಚಿತರ ಮೊಣಕೈ ತಿಂದು ಬಂದವನಿಗೆ ಖಾಲಿ ಪ್ರಾಂಗಣವೇ ನೋಟ. ಅಜ್ಜಿಗೆ ನನ್ನ ರುಚಿ ಅರ್ಥವಾಗದ್ದರಲ್ಲಿ ಆಶ್ಚರ್ಯವಿಲ್ಲ. ನನಗೂ ಆ ಹೊತ್ತಿಗೆ ಅದು ಅಷ್ಟೇನೂ ದೊಡ್ಡ ರುಚಿಯಾಗಿ ಕಾಣಲಿಲ್ಲ. ಜನ ಬೇಡ ಅಂತ ಅಷ್ಟು ದೂರ ಬಂದವನು ಒಂದು ಬೀದಿಯ ಅಷ್ಟೂ ಜನರ ಪರಿಚಯ ಮಾಡಿಕೊಂಡು ಅವರೆಕಾಯಿ ಸುಲಿಯುತ್ತಾ ಕುಳಿತಿದ್ದೆ. ಬೇಲೂರಿನ ಅಷ್ಟು ಗದ್ದಲದಲ್ಲಿ ಯಾರೂ ನನ್ನನ್ನು ಯಾವೂರು ಅಂತ ಕೇಳಿರಲಿಲ್ಲ.

ಐನೋರು ಬಸ್ಸಿಳಿದು ಬಂದರು. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಮಿಕ್ಸಿ ರಿಪೇರಿ ಮಾಡಿಸಿಕೊಂಡು ಬಂದ ಡಬ್ಬ. ಚೀಲ ಜಗುಲಿ ಮೇಲಿಟ್ಟು, ಮನೆಗೂ ಹೋಗದೆ, ಸೊಂಟದಿಂದಲೇ ಬೀಗದ ಕೈ ತೆಗೆದರು. ಗೇಣುದ್ದ ಕಬ್ಬಿಣ. ಇಷ್ಟು ಹೊತ್ತೂ ಅದು ಪೇಟೆ ಸುತ್ತಿಕೊಂಡು ಬಂದಿತ್ತು. ಒಳಗೆ ನಿಜಕ್ಕೂ ಕತ್ತಲೆ, ನಿಜಕ್ಕೂ ಬಾವಲಿ. ಮೊಬೈಲ್ ಟಾರ್ಚನ್ನು ಮೇಲಕ್ಕೆ ಹಿಡಿದಾಗ ಭುವನೇಶ್ವರಿಯ, ಅಂದರೆ ಕೆತ್ತನೆಯ ಒಳಚಾವಣಿಯ, ತಾವರೆ ಮೊಗ್ಗು ಕಾಣಿಸಿತು. ಎಸಳಿನ ಮೇಲೆ ಎಸಳು, ಅಂಚಿನಲ್ಲಿ ಹೂದಾರಕ್ಕಿಂತ ಸಪೂರದ ಗೆರೆ. ಟಾರ್ಚ್ ಅಲ್ಲಾಡಿದರೆ ಎಸಳು ಬಿರಿದಂತೆ ಕಾಣುತ್ತಿತ್ತು. ಕತ್ತು ನೋಯುವವರೆಗೆ ನೋಡಿದೆ. ಐನೋರು ಮಂಗಳಾರತಿ ಮಾಡಿದರು.

"ಇವತ್ತು ಯಾರೂ ಇಲ್ಲ, ನಿಮ್ಗೆ ಬೇಜಾರಾಯ್ತೇನೋ" ಅಂದರು ಬೀಗ ಹಾಕುತ್ತಾ. "ಜಾತ್ರೆಗೆ ಬನ್ನಿ. ಆಗ ಬಾಗ್ಲು ತೆಗೆದೇ ಇರ್ತದೆ, ಊಟಾನೂ ಇರ್ತದೆ."

ಬರುತ್ತೇನೆ ಅಂದೆ. ಕಾರು ಎಲ್ಲಿ ನಿಲ್ಲಿಸುವುದು ಅಂತ ಮಾತ್ರ ಈಗಿನಿಂದಲೇ ಯೋಚನೆ. ಡೈರಿ ಪಕ್ಕ ಒಂದು ಜಾಗ ನೋಡಿಟ್ಟಿದ್ದೇನೆ, ಯಾರಿಗೂ ಹೇಳಿಲ್ಲ.