ಅರ್ಧ ಗಂಟೆಯ ಬಜೆಟ್: ಯಾವುದು ನಿಜ, ಯಾವುದು ಅಲ್ಲ

2018ರ ಮಾರ್ಚ್ 14ರಂದು ಲೋಕಸಭೆ ಬಜೆಟ್ ಅನ್ನು ಚರ್ಚೆಯಿಲ್ಲದೆ ಅಂಗೀಕರಿಸಿದ್ದು ‘ಸಂವಿಧಾನಬಾಹಿರ, 89 ಲಕ್ಷ ಕೋಟಿ ಖರ್ಚಿಗೆ ಕಣ್ಣುಮುಚ್ಚಿ ಒಪ್ಪಿಗೆ’ ಎಂಬ ಸಂದೇಶ ಮತ್ತೆ ಹರಿದಾಡುತ್ತಿದೆ. ಅರ್ಧ ಸತ್ಯ.

ಚರ್ಚೆ ನಡೆಯಲಿಲ್ಲ ಎಂಬುದು ನಿಜ. ಆಂಧ್ರಕ್ಕೆ ವಿಶೇಷ ಸ್ಥಾನಮಾನ, ಬ್ಯಾಂಕ್ ವಂಚನೆ ಎಂದು ಭಿತ್ತಿಪತ್ರ ಹಿಡಿದವರ ಗದ್ದಲದ ನಡುವೆಯೇ ಅರ್ಧ ಗಂಟೆಯಲ್ಲಿ ಧ್ವನಿಮತ ಮುಗಿಯಿತು. ಆದರೆ ಅದು ನಿಯಮಬಾಹಿರವಲ್ಲ. ನಿಗದಿತ ದಿನಗಳು ಮುಗಿದಾಗ ಉಳಿದ ಬೇಡಿಕೆಗಳನ್ನೆಲ್ಲ (ಇಲಾಖೆಗಳ ಖರ್ಚಿಗೆ ಸರ್ಕಾರ ಕೇಳುವ ಅನುದಾನ) ಒಟ್ಟಿಗೆ ಮತಕ್ಕೆ ಹಾಕಲು ಲೋಕಸಭೆಯ 208ನೇ ನಿಯಮವೇ ಅವಕಾಶ ಕೊಡುತ್ತದೆ. ಇದಕ್ಕೆ ‘ಗಿಲೊಟಿನ್’ ಎನ್ನುತ್ತಾರೆ. 2023ರಲ್ಲೂ ಇದೇ ಆಯಿತು. 89 ಲಕ್ಷ ಕೋಟಿಯ ಲೆಕ್ಕದಲ್ಲಿ ಹಳೆಯ ಸಾಲದ ಮರುಪಾವತಿಯೂ ಸೇರಿದೆ. ಆ ವರ್ಷದ ಬಜೆಟ್ ವೆಚ್ಚ ಸುಮಾರು 24.42 ಲಕ್ಷ ಕೋಟಿ.

‘ಕಣ್ಣುಮುಚ್ಚಿ’, ಅಂದರೆ ಯಾರೂ ಓದಿರಲೇ ಇಲ್ಲ ಎನ್ನುವುದೂ ಅತಿಶಯೋಕ್ತಿ. ಬೇಡಿಕೆಗಳನ್ನು ಸಂಸದರ ಇಲಾಖಾವಾರು ಸ್ಥಾಯಿ ಸಮಿತಿಗಳು ಪರಿಶೀಲಿಸುತ್ತವೆ. ಅವುಗಳ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ, ಅದು ಬೇರೆ ಮಾತು.

ಸಂದೇಶ ಬರೆದವರು ನಿಜವಾಗಿ ಕೆರಳಬೇಕಿದ್ದುದು ಇನ್ನೊಂದಕ್ಕೆ. ಅದೇ ಅರ್ಧ ಗಂಟೆಯಲ್ಲಿ ಹಣಕಾಸು ಮಸೂದೆಯೂ ಪಾಸಾಯಿತು. ಅದರೊಳಗೊಂದು ತಿದ್ದುಪಡಿಯಿತ್ತು: ಪಕ್ಷಗಳು ವಿದೇಶಿ ಹಣ ಪಡೆಯುವುದನ್ನು ತಡೆಯುವ ವಿದೇಶಿ ದೇಣಿಗೆ ಕಾನೂನಿನಲ್ಲಿ ಕೊಟ್ಟಿದ್ದ ವಿನಾಯಿತಿಯನ್ನು ಹಿಂದಕ್ಕೆ ಎಳೆದು 1976ರ ಆಗಸ್ಟ್ 5ರಿಂದಲೇ ಅನ್ವಯಿಸುವುದು. 2014ರಲ್ಲಿ ದೆಹಲಿ ಹೈಕೋರ್ಟ್ ಬಿಜೆಪಿ, ಕಾಂಗ್ರೆಸ್ ಎರಡೂ ಈ ಕಾನೂನು ಮುರಿದಿವೆ ಎಂದಿತ್ತು. ವಿನಾಯಿತಿ ಹಿಂದಿನಿಂದಲೇ ಅನ್ವಯಿಸಿದರೆ ಆ ತಪ್ಪು ತಪ್ಪಾಗಿ ಉಳಿಯುವುದಿಲ್ಲ. ಹಾಗಾಗಿ ಈ ತಿದ್ದುಪಡಿಯನ್ನು ಯಾರೂ ಓದಲಿಲ್ಲ ಎಂದು ನಂಬುವುದು ನನಗಂತೂ ಕಷ್ಟ.