ಏನೂ ಗೊತ್ತಿಲ್ಲ ಅಂತ 650 ಪದಗಳಲ್ಲಿ ಬರೆಯಿರಿ

ಅಮೆರಿಕದ ಕಾಲೇಜುಗಳದ್ದು ದೊಡ್ಡ ಮನಸ್ಸು. ಏನು ಓದಬೇಕು ಅಂತ ಗೊತ್ತಿಲ್ವಾ? ಪರವಾಗಿಲ್ಲ, ಬನ್ನಿ ಅನ್ನುತ್ತವೆ. ಅರ್ಜಿಯಲ್ಲಿ ‘ಅನ್‌ಡಿಸೈಡೆಡ್’ ಅಂತ ಖಾನೆಯನ್ನೇ ಇಟ್ಟಿವೆ. ಹಾರ್ವರ್ಡ್‌ನಲ್ಲಿ ಎರಡನೇ ವರ್ಷದವರೆಗೂ ಯಾರೂ ಮೇಜರ್, ಅಂದರೆ ಮುಖ್ಯ ವಿಷಯ, ಯಾವುದು ಅಂತ ಪಟ್ಟು ಹಿಡಿಯುವುದಿಲ್ಲ. ಬ್ರೌನ್ ವಿಶ್ವವಿದ್ಯಾಲಯದವರಂತೂ ಇಂತಿಂಥ ವಿಷಯ ಓದಲೇಬೇಕು ಅನ್ನುವ ಪಟ್ಟಿಗೆ 1969ರಲ್ಲೇ ಕೈಮುಗಿದು ಕಳಿಸಿದ್ದಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲೇ ಪಿಸಿಎಂಬಿಯಾ ಪಿಸಿಎಂಸಿಯಾ ಅಂತ ಹಣೆಬರಹ ಬರೆಸಿಕೊಂಡ ನಮ್ಮ ಹುಡುಗಿಗೆ ಇದು ಸ್ವರ್ಗ.

ಆದರೆ ಸುಮ್ನೆ ಗೊತ್ತಿಲ್ಲ ಅಂದರೆ ಸೀಟು ಸಿಗುವುದಿಲ್ಲ. ಗೊತ್ತಿಲ್ಲದಿರುವುದಕ್ಕೂ ತಯಾರಿ ಬೇಕು. ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಅನ್ನುವ ಕಾಮನ್ ಆ್ಯಪ್‌ನಲ್ಲಿ ಪ್ರಬಂಧಕ್ಕೆ 650 ಪದ. ಚಟುವಟಿಕೆಗಳಿಗೆ 10 ಜಾಗ, ಒಂದೊಂದರ ವಿವರಣೆಗೆ 150 ಅಕ್ಷರ. ಇದಕ್ಕೆಂದೇ ದುಡ್ಡು ತೆಗೆದುಕೊಳ್ಳುವ ಕನ್ಸಲ್ಟೆಂಟ್ ಸಾರ್ ಇದ್ದಾರಲ್ಲ, ಅವರು ಹೇಳುತ್ತಾರೆ:

“ಗೊತ್ತಿಲ್ಲ ಅಂತ ಬರೀಬೇಡಮ್ಮ. ನರವಿಜ್ಞಾನಕ್ಕೂ ಯಕ್ಷಗಾನಕ್ಕೂ ಏನು ನಂಟು ಅಂತ ಹುಡುಕ್ತಾ ಇದ್ದೀನಿ ಅಂತ ಬರಿ.”

“ಸಾರ್, ನಾನು ಯಕ್ಷಗಾನ ನೋಡೇ ಇಲ್ಲ.”

“ಕೊನೇ ದಿನ ಜನವರಿ 1. ಟೈಮಿದೆ, ಉಡುಪಿಗೆ ಹೋಗಿ ಬಾ.”

ಹೀಗೆ ಹುಡುಗಿಯ ಗೊಂದಲಕ್ಕೆ ಇಸ್ತ್ರಿ ಬೀಳುತ್ತದೆ. ಕಂಪ್ಯೂಟರ್ ಸೈನ್ಸ್ ಬಗ್ಗೆ ಮಾತ್ರ ಗೊಂದಲ ಇಟ್ಟುಕೊಳ್ಳುವ ಹಾಗಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದಂಥ ಕಡೆ ಅರ್ಜಿ ಹಾಕುವಾಗಲೇ ಕೇಳದಿದ್ದವರಿಗೆ ಆಮೇಲೆ ಆ ಬಾಗಿಲು ತೆರೆಯುವುದು ಬಲು ಅಪರೂಪ. ಎಲ್ಲವನ್ನೂ ಹುಡುಕಿ ನೋಡಿ ಅಂದವರು ಇದನ್ನು ದೊಡ್ಡ ಅಕ್ಷರದಲ್ಲಿ ಹೇಳುವುದಿಲ್ಲ, ಅಲ್ವಾ?

ಇನ್ನು ವೀಸಾ. ಪ್ರಬಂಧ ಓದಿ ಕಣ್ಣೊರೆಸಿಕೊಂಡವರು ಬೇರೆ, ಚೆನ್ನೈನ ಅಮೆರಿಕನ್ ಕಾನ್ಸುಲೇಟಿನ ಕಿಟಕಿಯ ಹಿಂದೆ ಕೂತವರು ಬೇರೆ. ಅಲ್ಲಿರುವುದು ಎರಡು ಮೂರು ನಿಮಿಷ. ಅವರ ಕಾನೂನಿನ 214(ಬಿ) ಪ್ರಕಾರ, ನೀವು ಅಲ್ಲೇ ಉಳಿದುಬಿಡಲು ಹೊರಟವರು ಅಂತಲೇ ಮೊದಲು ನಂಬುತ್ತಾರೆ. ಅಲ್ಲ ಅಂತ ನೀವೇ ಸಾಬೀತು ಮಾಡಬೇಕು.

“ಏನು ಓದ್ತೀರಿ?”

“ಇನ್ನೂ ಗೊತ್ತಿಲ್ಲ.”

“ಓದಿ ಏನು ಮಾಡ್ತೀರಿ?”

“ಅದು ಗೊತ್ತು. ವಾಪಸ್ ಬರ್ತೀನಿ.”

ನಾಳೆ ಯಾವ ಕ್ಲಾಸಿಗೆ ಹೋಗಬೇಕು ಅಂತ ಗೊತ್ತಿಲ್ಲದವರಿಗೂ ನಾಲ್ಕು ವರ್ಷದ ಆಚೆಗಿನ ವಿಮಾನ ಕಣ್ಣಿಗೆ ಕಾಣಬೇಕು.

ಈ ಕಿಟಕಿ ದಾಟಿದ ಮೇಲೆ ಓದಿಗೆ ಮಾಡಿದ ಸಾಲ ತೀರಿಸುವ ಲೆಕ್ಕ. ಡಿಗ್ರಿ ಮುಗಿಸಿದವರು ಒಪಿಟಿ ಅಂತ 12 ತಿಂಗಳು ಅಲ್ಲಿ ಕೆಲಸ ಮಾಡಬಹುದು. ಓದಿದ್ದು ಸ್ಟೆಮ್, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಸರ್ಕಾರಿ ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು. ಇತಿಹಾಸ ಓದಿದವಳಿಗೆ ಒಂದೇ ವರ್ಷ. ಪಟ್ಟಿ ನೋಡುವುದು ವಿಷಯವನ್ನಲ್ಲ, ಕೋರ್ಸಿಗೆ ಅಂಟಿಸಿದ ಕೋಡ್ ನಂಬರನ್ನು. ಈ ಮರ್ಮ ಮೊದಲು ಹೊಳೆದದ್ದು ಅರ್ಥಶಾಸ್ತ್ರದವರಿಗೆ, ಇನ್ಯಾರಿಗೆ ಹೊಳೆಯಬೇಕು! ಯೇಲ್, ಪ್ರಿನ್ಸ್‌ಟನ್ ಸೇರಿ ಹಲವು ಕಡೆ ತಮ್ಮ ಕೋರ್ಸನ್ನು 45.0603 ಅನ್ನುವ ಕೋಡಿಗೆ ದಾಟಿಸಿಬಿಟ್ಟರು. ಮೇಷ್ಟ್ರು ಅವರೇ, ಬೇಡಿಕೆ ಪೂರೈಕೆಯ ಗೆರೆಗಳೂ ಅವೇ. ರಾತ್ರೋರಾತ್ರಿ ಅದು ಸ್ಟೆಮ್.

ಹುಡುಗಿ ಹೊರಡುವ ದಿನ ಅಪ್ಪ ಏರ್‌ಪೋರ್ಟಿನಲ್ಲಿ ಬೆನ್ನು ತಟ್ಟಿದರು. “ನಿಂಗೆ ಇಷ್ಟ ಆಗಿದ್ದು ಓದು ಪುಟ್ಟಿ. ಕೋಡ್ ನೋಡ್ಕೊಂಡು ಇಷ್ಟಪಡು.”