ಮಾಲು ಹಲಾಲ್ ಆದರೆ ಸಾಕಾ?

ಇಂಡೊನೇಷ್ಯಾದ ಕಳ್ಳಸಾಗಣೆ ಫೋನ್‌ಗಳ ಬಗ್ಗೆ ಬರೆಯುತ್ತಾ ಲೇಖಕರೊಬ್ಬರು, ಫೋನ್ ಹಲಾಲ್ (ಇಸ್ಲಾಂನಲ್ಲಿ ಅನುಮತಿ ಇರುವ) ವಸ್ತು, ಸುಂಕ ತಪ್ಪಿಸಿದ ಪಾಪ ತಂದವನದ್ದು, ಹಾಗಾಗಿ ಆನ್‌ಲೈನ್ ಮಾರಾಟಕ್ಕೆ ಅಡ್ಡಿ ಇಲ್ಲ ಎನ್ನುತ್ತಾರೆ. ಇದನ್ನು ನಾನು ಒಪ್ಪಲ್ಲ. ಅಲ್ಲಿ 2020ರ ಸೆಪ್ಟೆಂಬರ್‌ನಿಂದ ಐಎಂಇಐ (ಪ್ರತಿ ಫೋನ್‌ಗೂ ಇರುವ ಗುರುತಿನ ಸಂಖ್ಯೆ) ನೋಂದಣಿ ಇಲ್ಲದ ಫೋನ್‌ಗೆ ನೆಟ್‌ವರ್ಕ್ ಸಿಗಲ್ಲ. ಪ್ರವಾಸಿಗರಿಗೆ ಕೊಡುವ 90 ದಿನದ ನೋಂದಣಿ ಮಾಡಿಸಿ ಮಾರಿದರೆ, ಅವಧಿ ಮುಗಿದ ಮೇಲೆ ಸಿಗ್ನಲ್ ಹೋಗುತ್ತೆ, ವೈಫೈ ಇದ್ದಲ್ಲಿ ಮಾತ್ರ ಫೋನ್ ನಡೆಯುತ್ತೆ. ಕೊಂಡವನಿಗೆ ಇದನ್ನು ಹೇಳದೇ ಇರುವುದೇ ತದ್ಲೀಸ್, ಅಂದರೆ ದೋಷ ಮುಚ್ಚಿಟ್ಟು ಮಾರುವುದು. ಪ್ರವಾದಿ ಮುಹಮ್ಮದರು ಸಂತೆಯಲ್ಲಿ ಧಾನ್ಯದ ರಾಶಿಗೆ ಕೈ ಹಾಕಿದಾಗ ಒಳಗೆ ಒದ್ದೆ ಇತ್ತು. ಒದ್ದೆಯಾದದ್ದನ್ನು ಜನರಿಗೆ ಕಾಣುವ ಹಾಗೆ ಮೇಲಿಡಬಾರದಿತ್ತೇ ಎಂದು ಮಾರುವವನನ್ನು ಕೇಳಿದರು. ಧಾನ್ಯವೂ ಹಲಾಲೇ ಅಲ್ವಾ? ತಪ್ಪು ಇದ್ದದ್ದು ಮುಚ್ಚಿಟ್ಟದ್ದರಲ್ಲಿ.

ಎಲ್ಲ ಹೇಳಿ ಮಾರಿದರೆ ವಂಚನೆ ಇಲ್ಲ, ಸರಿ. ಆದರೆ ಆಗ ಕೊಳ್ಳುವವನೂ ಗೊತ್ತಿದ್ದೇ ಕೈಜೋಡಿಸಿದ ಹಾಗಾಯ್ತು. ಪಾಪದ ಕೆಲಸದಲ್ಲಿ ಪರಸ್ಪರ ಸಹಕರಿಸಬೇಡಿ ಎಂದು ಕುರ್‌ಆನ್‌ನ 5ನೇ ಅಧ್ಯಾಯದ 2ನೇ ವಚನವೇ ಹೇಳುತ್ತೆ. ಗೊತ್ತಿದ್ದೂ ಕಳ್ಳಸಾಗಣೆ ಮಾಲು ಕೊಳ್ಳುವುದು ಆ ದೇಶದ ಸುಂಕ ಕಾಯ್ದೆಯಲ್ಲೂ ಅಪರಾಧ. ಲೇಖಕರು ಇದನ್ನು ಯಾಕೆ ಬಿಟ್ಟರು?